ವರ್ಷಗಟ್ಟಲೆ ನಿಂತ ಕಾರು: ಕೀಲಿ ತಿರುಗಿಸುವ ಮುನ್ನ

1957ರ ಜೂನ್ 15ರಂದು ಅಮೆರಿಕದ ಒಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಒಂದು ಹೊಚ್ಚಹೊಸ ಪ್ಲಿಮತ್ ಬೆಲ್ವೆಡೇರ್ ಕಾರನ್ನು ನೆಲದೊಳಗೆ ಹೂತಿಟ್ಟರು. ಐವತ್ತು ವರ್ಷ ಕಳೆದ ಮೇಲೆ ಅಂದಿನ ಜನ ತೆಗೆದು ನೋಡಲಿ ಎಂಬುದು ಆಸೆ. ಅದಕ್ಕೆಂದೇ ಕಾಂಕ್ರೀಟಿನ ನೆಲಮಾಳಿಗೆ ಕಟ್ಟಿದ್ದರು. ಅಣುಬಾಂಬಿನ ಹೊಡೆತವನ್ನೂ ಅದು ತಡೆಯುತ್ತದೆ ಎಂಬ ನಂಬಿಕೆ ಇತ್ತು. ಕಾರಿಗೆ ತುಕ್ಕು ತಡೆಯುವ ಜಿಡ್ಡಿನ ಲೇಪ ಬಳಿದು, ಮೇಲೆ ಪ್ಲಾಸ್ಟಿಕ್ ಸುತ್ತಿದರು. ಮುಂದಿನ ಶತಮಾನದಲ್ಲಿ ಪೆಟ್ರೋಲ್ ಸಿಗದೇ ಹೋದರೆ ಎಂದು ಪೆಟ್ರೋಲನ್ನೂ ಆಯಿಲನ್ನೂ ಜೊತೆಗಿಟ್ಟರು. 2007ರಲ್ಲಿ ಮುಚ್ಚಳ ತೆಗೆದಾಗ ಮಾಳಿಗೆಯೊಳಗೆ ನೀರು ನಿಂತಿತ್ತು. ಕಾರಿನ ಆಕಾರವೇನೋ ಉಳಿದಿತ್ತು, ಆದರೆ ಮೈಯೆಲ್ಲ ತುಕ್ಕು ತಿಂದು ಚಾಲೂ ಮಾಡುವ ಮಾತೇ ಇರಲಿಲ್ಲ.

ಹೆಚ್ಚುಕಡಿಮೆ ಓಡದೇ ಇದ್ದ ಕಾರು ಅದು. "ಓಡಿಸಿಯೇ ಇಲ್ಲ, ಶೆಡ್ಡಿನಲ್ಲೇ ಇತ್ತು, ಹೊಸದರ ಹಾಗಿದೆ" ಎಂದು ಯಾರಾದರೂ ಹೇಳಿದಾಗಲೆಲ್ಲ ಅದರ ನೆನಪು ಬರುತ್ತದೆ. ಓಡುವ ಕಾರು ಸವೆಯುತ್ತದೆ. ನಿಂತ ಕಾರು ಸವೆಯುವುದಿಲ್ಲ ನಿಜ, ಆದರೆ ಒಳಗೊಳಗೇ ಬದಲಾಗುತ್ತ ಹೋಗುತ್ತದೆ. ಪೆಟ್ರೋಲ್ ಅಂಟಾಗುತ್ತದೆ, ಬ್ರೇಕ್ ಆಯಿಲ್ ನೀರು ಕುಡಿಯುತ್ತದೆ, ರಬ್ಬರ್ ಬಿರುಸಾಗುತ್ತದೆ, ಪಿಸ್ಟನ್ನಿನ ರಿಂಗು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಇದರಲ್ಲಿ ಒಂದೂ ಕಾಣುವುದಿಲ್ಲ.

ಅಂಥ ಕಾರು ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ: ಹೊಸ ಬ್ಯಾಟರಿ ತಂದು, ಟ್ಯಾಂಕಿಗೆ ಒಂದಿಷ್ಟು ಪೆಟ್ರೋಲ್ ಹೊಯ್ದು, ಸೆಲ್ಫ್ ಹೊಡೆಯುವುದು. ಆ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಕೈಮುಗಿದು ಹೇಳುತ್ತೇನೆ, ಮಾಡಬೇಡಿ. ಇಪ್ಪತ್ತು ವರ್ಷ ನಿಂತಾಗ ಆಗದ ಹಾನಿ ಆ ಐದು ನಿಮಿಷದಲ್ಲಿ ಆಗಿಬಿಡಬಹುದು. ಎಂಜಿನ್ ಚಾಲೂ ಮಾಡುವುದು ಈ ಇಡೀ ಕೆಲಸದಲ್ಲಿ ಬಹಳ ತಡವಾಗಿ ಬರುವ ಹಂತ. ಅದಕ್ಕೆ ಮೊದಲು ಏನೇನು ನೋಡಬೇಕು, ಯಾಕೆ ನೋಡಬೇಕು ಎಂಬುದಷ್ಟೇ ಈ ಲೇಖನ.

ಮೊದಲು ಬಾಡಿ

ಎಂಜಿನ್ ಎಷ್ಟೇ ಕೆಟ್ಟಿದ್ದರೂ ಬಿಚ್ಚಿ ಕಟ್ಟಬಹುದು. ಬಾಡಿ ಒಳಗಿನಿಂದ ಕೊಳೆತಿದ್ದರೆ ಮಿಕ್ಕ ಕೆಲಸವೆಲ್ಲ ವ್ಯರ್ಥ. ಆದ್ದರಿಂದ ಬಾನೆಟ್ ಎತ್ತುವ ಮೊದಲು ಕಾರಿನ ಕೆಳಗೆ ನೋಡಿ.

ತುಕ್ಕಿಗೆ ಬೇಕಾದದ್ದು ನೀರು ಮತ್ತು ಗಾಳಿ. ನೀರು ಸುರಿಯಲೇಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿದರೆ ಸಾಕು, ಬರಿಗಣ್ಣಿಗೆ ಕಾಣದ ನೀರಿನ ಪದರ ಉಕ್ಕಿನ ಮೇಲೆ ಕೂರುತ್ತದೆ, ತುಕ್ಕಿನ ವೇಗ ಏರುತ್ತದೆ. ರಾತ್ರಿ ತಣ್ಣಗಾದ ಲೋಹ ಬೆಳಗಿನ ಬೆಚ್ಚನೆ ಗಾಳಿಗೆ ಬೆವರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರೆ ಆ ಬೆವರು ಆರುವುದೂ ಇಲ್ಲ. ಒದ್ದೆ ಮಣ್ಣಿನ ನೆಲದ ಮೇಲೆ ಹೊದಿಕೆ ಹೊದ್ದು ನಿಂತ ಕಾರಿನ ಸ್ಥಿತಿ ಎಷ್ಟೋ ಸಲ ಬಯಲಲ್ಲಿ ನಿಂತದ್ದಕ್ಕಿಂತ ಕೆಟ್ಟದಾಗಿರುತ್ತದೆ.

ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ಜ್ಯಾಕ್ ಹಾಕುವ ಜಾಗ, ಸಸ್ಪೆನ್ಷನ್ ಬಾಡಿಗೆ ಸೇರುವ ಕಡೆ, ಮುಂದಿನ ಗಾಜಿನ ಅಂಚು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ. ತುಕ್ಕು ಮೊದಲು ಹಿಡಿಯುವುದು ಇಲ್ಲೆಲ್ಲ. ಕಾರ್ಪೆಟ್ ಎತ್ತಿ ನೆಲದ ತಗಡು ನೋಡಿ. ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ಮೆತ್ತಗೆ ಕುಸಿಯುತ್ತದೆ. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಣ್ಣದ ಮೇಲೆ ಆಡಿಸಿ. ಎಲ್ಲಿ ಹಿಡಿಯದೆ ಜಾರುತ್ತದೋ ಅಲ್ಲಿ ಪುಟ್ಟಿ ದಪ್ಪಗೆ ಕೂತಿದೆ ಎಂದರ್ಥ. ಬಾಡಿ ಅಲ್ಯೂಮಿನಿಯಂ ಅಥವಾ ಫೈಬರಿನದಾಗಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು.

ಬಾಡಿಯಿಂದ ಪ್ರತ್ಯೇಕವಾದ ಚಾಸಿ (ಭಾರ ಹೊರುವ ಕೆಳಗಿನ ಚೌಕಟ್ಟು) ಇರುವ ಹಳೆಯ ಕಾರುಗಳಲ್ಲಿ ಬಾಡಿ ಕೆಟ್ಟಿದ್ದರೂ ಚಾಸಿ ಗಟ್ಟಿಯಾಗಿದ್ದರೆ ಆಸೆ ಉಳಿದಿದೆ. ಬಾಡಿಯೇ ಭಾರ ಹೊರುವ ಕಾರುಗಳಲ್ಲಿ ಆ ಅನುಕೂಲವಿಲ್ಲ. ಅಲ್ಲಿ ನೆಲ ಮತ್ತು ಅಂಚಿನ ಪೆಟ್ಟಿಗೆ ಹೋದರೆ ಕಾರಿನ ಬೆನ್ನೆಲುಬೇ ಹೋದಂತೆ. ಇದನ್ನು ತಿಳಿದುಕೊಂಡ ಮೇಲೆ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಿ. ಮುಂದುವರಿಯುವುದಾದರೆ, ಒಂದು ಬೋಲ್ಟನ್ನೂ ಮುಟ್ಟುವ ಮೊದಲು ಎಲ್ಲ ಕೋನಗಳಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ವೈರ್ ಯಾವ ಕಡೆಯಿಂದ ಬಂದಿತ್ತು ಎಂಬುದು ಮೂರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಕಾರಿನ ಕೆಳಗೆ ನುಗ್ಗುವಾಗ ಬರೀ ಜ್ಯಾಕ್ ನಂಬಬೇಡಿ. ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಅದೂ ತುಕ್ಕಿಲ್ಲದ ಜಾಗದಲ್ಲಿ. ತುಕ್ಕು ಹಿಡಿದ ಜ್ಯಾಕ್ ಪಾಯಿಂಟ್ ಭಾರಕ್ಕೆ ಕುಸಿದು ಪ್ರಾಣವೇ ಹೋಗಬಹುದು.

ಟ್ಯಾಂಕಿನಲ್ಲಿ ಉಳಿದದ್ದು

ಪೆಟ್ರೋಲ್ ಎಂದರೆ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರವಾದವು ಮೊದಲು ಹಾರಿಹೋಗುತ್ತವೆ. ಎಂಜಿನ್ ತಣ್ಣಗಿರುವಾಗ ಸುಲಭವಾಗಿ ಹೊತ್ತಿಕೊಳ್ಳುವುದು ಅವೇ. ಉಳಿದವು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೊದಲು ಅಂಟಾಗಿ, ಆಮೇಲೆ ವಾರ್ನಿಷ್‌ನಂತೆ ಗಟ್ಟಿಯಾಗುತ್ತವೆ. ಕೆಟ್ಟ ಪೆಟ್ರೋಲಿನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಹುಳಿಹುಳಿಯಾದ, ಹಳೆ ಬಣ್ಣದ ಡಬ್ಬಿಯ ಘಾಟು ಅದು.

ಈ ಕೆಟ್ಟ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಓಡಿಸಿದರಾಯಿತು ಎಂಬ ಸಲಹೆ ಕೇಳಿಬರುತ್ತದೆ. ಅದರ ಅಪಾಯ ತಕ್ಷಣ ಕಾಣದು. ಎಂಜಿನ್ ಹೇಗೋ ಹೊತ್ತಿಕೊಂಡು ಓಡುತ್ತದೆ. ಬಿಸಿಯಿರುವಷ್ಟು ಹೊತ್ತು ಅಂಟು ಕರಗಿದ ಸ್ಥಿತಿಯಲ್ಲಿ ಇನ್‌ಟೇಕ್ ವಾಲ್ವಿನ ಕಡ್ಡಿಗೆ ಮೆತ್ತಿಕೊಳ್ಳುತ್ತದೆ. ರಾತ್ರಿ ತಣ್ಣಗಾದಾಗ ಅದೇ ಅಂಟು ವಾಲ್ವನ್ನು ಗೈಡಿನೊಳಗೆ, ಅಂದರೆ ಕಡ್ಡಿ ಓಡಾಡುವ ಕೊಳವೆಯೊಳಗೆ, ಬಿಗಿಯಾಗಿ ಹಿಡಿದುಬಿಡುತ್ತದೆ. ಮರುದಿನ ಸೆಲ್ಫ್ ಹೊಡೆದಾಗ ವಾಲ್ವ್ ಅಲುಗುವುದಿಲ್ಲ, ಅದನ್ನು ತಳ್ಳುವ ಪುಷ್‌ರಾಡ್ ಬಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ತೆರೆದ ವಾಲ್ವಿಗೇ ಗುದ್ದುತ್ತದೆ. ನಿನ್ನೆ ಚೆನ್ನಾಗಿ ಓಡಿದ ಎಂಜಿನ್ ಇವತ್ತು ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಬಿಚ್ಚುವ ಸ್ಥಿತಿಗೆ ಬರುವುದು ಹೀಗೆ.

ಎಥನಾಲ್ ಬೆರೆಸಿದ ಪೆಟ್ರೋಲಿನದು ಇನ್ನೊಂದು ಗೋಳು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಪೈಪು ಇರುವುದೂ ತಳದಲ್ಲೇ. ಹಳೆಯ ಕಾಲದ ರಬ್ಬರ್ ಹೋಸು, ಪಂಪಿನ ಡಯಾಫ್ರಮ್ (ತೆಳು ರಬ್ಬರ್ ಪೊರೆ) ಎಥನಾಲಿಗೆಂದು ಮಾಡಿದವಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಬಿರಿದ ಹೋಸಿನಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ಕಾರು ಸುಟ್ಟುಹೋಗಲು ಒಂದು ಸಾಮಾನ್ಯ ಕಾರಣ. ಹಾಗಾಗಿ ಪೆಟ್ರೋಲಿನ ರಬ್ಬರ್ ಪೈಪುಗಳನ್ನು ನೋಡಿ ತೀರ್ಮಾನಿಸುವ ಗೋಜಿಗೇ ಹೋಗಬೇಡಿ, ಅಷ್ಟನ್ನೂ ಬದಲಿಸಿ.

ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಸಾಧ್ಯವಾದರೆ ಇಳಿಸಿ, ಒಳಗೆ ಟಾರ್ಚ್ ಹಿಡಿದು ನೋಡಿ. ಒಳಗೆ ಕೆಂಪು ಪುಡಿ ಕಂಡರೆ ತೊಳೆಯುವುದೋ ಹೊಸ ಟ್ಯಾಂಕೋ ಎಂಬ ಲೆಕ್ಕ ಹಾಕಬೇಕು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದನ್ನು ಮರೆಯಬೇಡಿ. ಅದರೊಳಗೆ ಉಳಿಯುವುದು ಆವಿ, ಸಿಡಿಯುವುದೂ ಆವಿಯೇ. ಅದರ ಹತ್ತಿರ ವೆಲ್ಡಿಂಗ್ ಸುಳಿಯಕೂಡದು.

ಕಾರ್ಬುರೇಟರ್ ಬಿಚ್ಚಿ ತೊಳೆಯುವಾಗ, ಪೆಟ್ರೋಲ್ ಹಾಯುವ ಸಣ್ಣ ಮೂತಿಯಾದ ಜೆಟ್ಟಿನ ತೂತಿಗೆ ಕಬ್ಬಿಣದ ತಂತಿ ಚುಚ್ಚಬೇಡಿ. ಐಡಲ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿನ ಆಸುಪಾಸು ಇರುತ್ತದೆ. ಅದು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಮತ್ತು ಗಾಳಿಯ ಪ್ರಮಾಣ ಕೆಡುತ್ತದೆ. ಕ್ಲೀನರ್ ದ್ರವದಲ್ಲಿ ನೆನೆಹಾಕಿ ಗಾಳಿ ಊದಿದರೆ ಸಾಕು. ಇಂಜೆಕ್ಷನ್ ಇರುವ ಕಾರಾದರೆ ಟ್ಯಾಂಕಿನೊಳಗಿನ ಪಂಪು ಮತ್ತು ಇಂಜೆಕ್ಟರುಗಳು ಜಾಮ್ ಆಗಿರಬಹುದು. ಇಂಜೆಕ್ಟರನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸುವುದು ಒಳ್ಳೆಯದು. ಡೀಸೆಲ್ ಅಷ್ಟು ಬೇಗ ಆವಿಯಾಗುವುದಿಲ್ಲ, ಆದರೆ ತಳದಲ್ಲಿ ಸೇರಿದ ನೀರಿಗೂ ಡೀಸೆಲಿಗೂ ನಡುವಿನ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಮಾಡುತ್ತವೆ. ಫಿಲ್ಟರ್ ಕಟ್ಟಿಕೊಳ್ಳುವುದು ಆ ಲೋಳೆಯಿಂದ.

ಎಂಜಿನ್ನನ್ನು ಕೈಯಲ್ಲಿ ತಿರುಗಿಸುವುದು

ಎಂಜಿನ್ ನಿಂತಾಗ ಕೆಲವು ಸಿಲಿಂಡರುಗಳ ವಾಲ್ವ್ ಮುಚ್ಚಿರುತ್ತದೆ, ಕೆಲವುದರದು ತೆರೆದಿರುತ್ತದೆ. ತೆರೆದಿರುವ ಸಿಲಿಂಡರಿನೊಳಗೆ ಸೈಲೆನ್ಸರ್ ದಾರಿಯಿಂದಲೋ ಕಾರ್ಬುರೇಟರ್ ದಾರಿಯಿಂದಲೋ ತೇವದ ಗಾಳಿ ಓಡಾಡುತ್ತಲೇ ಇರುತ್ತದೆ. ಗೋಡೆಗೆ ಹತ್ತಿದ್ದ ಆಯಿಲ್ ಕಾಲಕ್ರಮೇಣ ಇಳಿದುಹೋಗಿ ಬೋರು ಬರಿದಾಗುತ್ತದೆ. ಆಮೇಲೆ ರಿಂಗು ಮತ್ತು ಬೋರಿನ ನಡುವೆ ತುಕ್ಕು ಬೆಳೆಯುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ತುಕ್ಕಿಗೆ ಹಲವು ಪಟ್ಟು ಹೆಚ್ಚು ಜಾಗ ಬೇಕು. ಜಾಗವೇ ಇಲ್ಲದ ಕಡೆ ಅದು ಬೆಣೆ ಹೊಡೆದಂತೆ ಕೂರುತ್ತದೆ. ಎಂಜಿನ್ ಸೀಜ್ ಆಗಿದೆ ಎನ್ನುವುದು ಬಹುಪಾಲು ಇದನ್ನೇ.

ಈ ಸ್ಥಿತಿಯಲ್ಲಿ ಸ್ಟಾರ್ಟರ್ ಮೋಟಾರಿನ ಬಲ ಹಾಕಿದರೆ ಎರಡರಲ್ಲಿ ಒಂದು ಆಗುತ್ತದೆ. ಅದು ತಿರುಗದೆ ಮೋಟಾರು ಸುಡಬಹುದು. ಅಥವಾ ತಿರುಗಿ, ರಿಂಗು ಮುರಿದು, ತುಕ್ಕಿನ ಹರಳು ಬೋರಿನುದ್ದಕ್ಕೂ ಗೀರು ಎಳೆಯಬಹುದು. ಎರಡನೆಯದೇ ಹೆಚ್ಚು ಕೆಟ್ಟದ್ದು, ಯಾಕೆಂದರೆ ಎಂಜಿನ್ ತಿರುಗಿತೆಂದು ನಾವು ಖುಷಿಪಡುತ್ತಿರುತ್ತೇವೆ.

ಮೊದಲು ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ, ಇಲಿಗೂಡು ಇರಬಹುದು. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೆಟ್ರೋಲ್ ವಾಸನೆ ಇದ್ದರೆ ಪಂಪಿನ ಡಯಾಫ್ರಮ್ ತೂತಾಗಿರಬಹುದು. ಸ್ಪಾರ್ಕ್ ಪ್ಲಗ್‌ಗಳನ್ನು ಎಲ್ಲವನ್ನೂ ಬಿಚ್ಚಿ. ಫೋನಿಗೆ ಜೋಡಿಸುವ ಸಣ್ಣ ಕೊಳವೆ ಕ್ಯಾಮೆರಾ ಇದ್ದರೆ ಆ ತೂತಿನಲ್ಲಿ ಇಳಿಸಿ ಬೋರಿನ ಗೋಡೆ ನೋಡಿ. ಬೂದು ಹೊಳಪು ಕಂಡರೆ ಅದೃಷ್ಟ. ಕಂದು ಪಟ್ಟಿ ಕಂಡರೆ ತಾಳ್ಮೆ ಬೇಕು.

ಪ್ರತಿ ಸಿಲಿಂಡರಿಗೂ ಸಂದುಗಳಲ್ಲಿ ಇಳಿಯುವ ತೆಳು ಆಯಿಲ್ ಒಂದಿಷ್ಟು ಬಿಡಿ. ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲನ್ನು ಅಸಿಟೋನ್ ಜೊತೆ ಸಮಸಮ ಬೆರೆಸಿ ಹಾಕುವವರೂ ಇದ್ದಾರೆ. ಬೆಂಕಿ ದೂರವಿರಲಿ, ಬಣ್ಣದ ಮೇಲೆ ಬೀಳದಿರಲಿ. ಆಮೇಲೆ ಕೆಲವು ದಿನ ಅದರ ಪಾಡಿಗೆ ಬಿಡಿ, ದಿನಕ್ಕೊಮ್ಮೆ ಹೋಗಿ ಮತ್ತೊಂದಿಷ್ಟು ಹಾಕಿ ಬನ್ನಿ. ಈ ಕಾಯುವಿಕೆಗೆ ಬದಲಿ ಇಲ್ಲ.

ನಂತರ ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ನಿನ ತುದಿಯಲ್ಲಿರುವ ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ ಮೆಲ್ಲಗೆ ಒತ್ತಿ. ಇಲ್ಲಿ ಕೈಯೇ ಅಳತೆಗೋಲು. ಒಂದೇ ಸಮನೆ ಬಿಗಿಯಾಗಿ ಸರಿಯುತ್ತಿದ್ದರೆ ಅದು ರಿಂಗಿನ ಪ್ರತಿರೋಧ, ನಿಧಾನವಾಗಿ ಮುಂದುವರಿಯಬಹುದು. ಸರಾಗವಾಗಿ ಬಂದು ಒಂದೆಡೆ ಥಟ್ಟನೆ ನಿಂತರೆ ಅಲ್ಲೇ ಬಿಡಿ, ವಾಲ್ವಿಗೆ ಪಿಸ್ಟನ್ ತಾಗಿರಬಹುದು. ಚೂರೂ ಅಲುಗದಿದ್ದರೆ ಹಿಡಿಗೆ ಪೈಪ್ ಸೇರಿಸಿ ಜಗ್ಗುವ ಮನಸ್ಸಾಗುತ್ತದೆ. ಅದರ ಬದಲು ಮತ್ತೆ ಆಯಿಲ್ ಬಿಟ್ಟು ಕಾಯಿರಿ. ಕೂದಲೆಳೆಯಷ್ಟು ಅಲುಗಿದರೂ ಅಷ್ಟರಲ್ಲೇ ಹಿಂದೆ ಮುಂದೆ ಆಡಿಸುತ್ತ, ಆಯಿಲ್ ಒಳಗಿಳಿಯಲು ಬಿಡುತ್ತ ಹೋದರೆ ಎಷ್ಟೋ ಎಂಜಿನ್‌ಗಳು ಬಿಟ್ಟುಕೊಡುತ್ತವೆ. ಬಿಟ್ಟುಕೊಡದಿದ್ದರೆ ಹೆಡ್ ಬಿಚ್ಚುವುದೇ ಸರಿಯಾದ ದಾರಿ. ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸುವುದು ಮಾತ್ರ ಬೇಡವೇ ಬೇಡ.

ತಿರುಗಿತು ಎಂದಿಟ್ಟುಕೊಳ್ಳಿ. ಈಗ ವಾಲ್ವ್ ಕವರ್ ತೆಗೆದು, ಒಬ್ಬರು ಸ್ಪ್ಯಾನರ್ ತಿರುಗಿಸುತ್ತಿರುವಾಗ ಇನ್ನೊಬ್ಬರು ಪ್ರತಿ ವಾಲ್ವೂ ಕೆಳಗಿಳಿದು ಮೇಲೆ ಬರುತ್ತಿದೆಯೇ ನೋಡಬೇಕು. ಇಳಿದು ಮೇಲೆ ಬಾರದ್ದು ಕಚ್ಚಿಕೊಂಡಿದೆ. ಅದರ ಕಡ್ಡಿಗೆ ಆಯಿಲ್ ಬಿಟ್ಟು ಮೆತ್ತಗೆ ಆಡಿಸಿ ಬಿಡಿಸಬೇಕು. ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ನಡೆಸುವ ರಬ್ಬರಿನ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ಬೆಲ್ಟ್ ಬದಲಿಸದೆ ಚಾಲೂ ಮಾಡಬೇಡಿ. ರಬ್ಬರಿಗೆ ಮೀಟರಿನ ಲೆಕ್ಕ ಗೊತ್ತಿಲ್ಲ, ವಯಸ್ಸಿನ ಲೆಕ್ಕವಷ್ಟೇ.

ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿ. ನಂತರ ಪ್ಲಗ್ ಹಾಕದೆಯೇ, ಇಗ್ನಿಷನ್ನಿನ (ಕಿಡಿ ಕೊಡುವ ವ್ಯವಸ್ಥೆಯ) ಸಂಪರ್ಕ ತಪ್ಪಿಸಿಟ್ಟು, ಸ್ಟಾರ್ಟರ್‌ನಿಂದ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ. ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಅಥವಾ ಆಯಿಲ್ ದೀಪ ಆರುವವರೆಗೆ. ಪ್ಲಗ್ ಇಲ್ಲದಾಗ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ. ಸಿಲಿಂಡರಿನಲ್ಲಿ ಉಳಿದ ಆಯಿಲೂ ಹೊರಗೆ ಚಿಮ್ಮಿಹೋಗುತ್ತದೆ, ಆದ್ದರಿಂದ ಪ್ಲಗ್ ತೂತಿನ ಮೇಲೆ ಬಟ್ಟೆ ಮುಚ್ಚಿ, ಮುಖ ದೂರವಿಡಿ. ದ್ರವ ಅದುಮಿದರೆ ಕುಗ್ಗುವುದಿಲ್ಲ. ಅದು ಒಳಗೇ ಇದ್ದು ಪ್ಲಗ್ ಬಿಗಿದು ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗಿಬಿಡಬಹುದು.

ಕೂಲೆಂಟಿನ ಕೆಲಸ ಚಿಕ್ಕದು. ಹಳೆಯದರ ತುಕ್ಕು ತಡೆಯುವ ಗುಣ ಮುಗಿದಿರುತ್ತದೆ. ಇಳಿಸಿ, ರೇಡಿಯೇಟರನ್ನೂ ಬ್ಲಾಕನ್ನೂ ಶುದ್ಧ ನೀರಿನಿಂದ ತೊಳೆದು, ಹೋಸು ಮತ್ತು ಥರ್ಮೋಸ್ಟಾಟ್ ಹೊಸದು ಹಾಕಿ. ಇಳಿಸಿದ್ದನ್ನು ನೆಲದ ಮೇಲೆ ಬಿಡಬೇಡಿ, ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಬ್ರೇಕ್: ಪೆಡಲ್ ಗಟ್ಟಿ ಇದ್ದ ಮಾತ್ರಕ್ಕೆ ನಂಬಬೇಡಿ

ಕಾರು ಓಡದೇ ಹೋದರೆ ನಷ್ಟ, ನಿಲ್ಲದೇ ಹೋದರೆ ಅನಾಹುತ. ಆದ್ದರಿಂದ ಎಂಜಿನ್ ಕೆಲಸ ಎಷ್ಟೇ ಬಾಕಿಯಿರಲಿ, ಕಾರು ತನ್ನ ಬಲದಿಂದ ಒಂದು ಅಡಿ ಸರಿಯುವ ಮುನ್ನ ಬ್ರೇಕ್ ಪೂರ್ತಿ ಆಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಮಾನ್ಯ ಬ್ರೇಕ್ ಆಯಿಲ್ ನಿಜಕ್ಕೂ ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಸ್ವಭಾವ. ಹೊಸ ಡಾಟ್ 3 ದರ್ಜೆಯ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155ಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಈ ದ್ರವ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಆವಿ ಅದುಮಿದರೆ ಕುಗ್ಗುವುದರಿಂದ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಇಷ್ಟೇ ಆಗಿದ್ದರೆ ಹಳೆಯದನ್ನು ತೆಗೆದು ಹೊಸದು ಹಾಕಿದರೆ ಮುಗಿಯುತ್ತಿತ್ತು. ಆದರೆ ಸೇರಿದ ನೀರು ಒಳಗೂ ತಿಂದಿರುತ್ತದೆ. ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ, ಬೋರಿನೊಳಗೆ ಬೆಳಕು ಬಿಟ್ಟು ನೋಡಿದರೆ ವಿಷಯ ತಿಳಿಯುತ್ತದೆ. ಪಿಸ್ಟನ್ ದಿನವೂ ಓಡಾಡುತ್ತಿದ್ದ ಮೊದಲ ಭಾಗ ಕನ್ನಡಿಯಂತೆ ನುಣುಪಾಗಿರುತ್ತದೆ. ಅದರಾಚೆಗೆ, ಪೆಡಲ್ ಎಂದೂ ಅಷ್ಟು ಆಳ ಹೋಗದ ಕಾರಣ ಪಿಸ್ಟನ್ ತಲುಪದೇ ಇದ್ದ ಜಾಗದಲ್ಲಿ, ತುಕ್ಕಿನ ಚುಕ್ಕೆಗಳು ಮತ್ತು ಗಸಿ ಕೂತಿರುತ್ತವೆ. ಈಗ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಲೆಂದು ಯಾರೋ ಪೆಡಲನ್ನು ನೆಲದವರೆಗೆ ಒತ್ತುತ್ತಾರೆ. ರಬ್ಬರಿನ ಕಪ್ ಮೊದಲ ಬಾರಿಗೆ ಆ ಒರಟು ಜಾಗಕ್ಕೆ ಹೋಗಿ ತುಟಿ ಹರಿದುಕೊಳ್ಳುತ್ತದೆ. ಆ ದಿನ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ವಾರದ ಮೇಲೆ, ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯತೊಡಗುತ್ತದೆ.

ಚಕ್ರದ ಬಳಿಯ ರಬ್ಬರ್ ಹೋಸು ಇನ್ನೂ ಮೋಸಗಾರ. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಉಬ್ಬಿ ದಾರಿ ಕಿರಿದಾಗಿರುತ್ತದೆ. ಕಾಲಿನ ಬಲಕ್ಕೆ ದ್ರವ ಮುಂದಕ್ಕೆ ನುಗ್ಗುತ್ತದೆ, ಕಾಲು ತೆಗೆದಾಗ ಹಿಂದಕ್ಕೆ ಬರಲು ಬಲವಿಲ್ಲದೆ ಅಲ್ಲೇ ಉಳಿಯುತ್ತದೆ. ಬ್ರೇಕ್ ಹಿಡಿದೇ ಇರುತ್ತದೆ, ಡ್ರಮ್ಮೋ ಡಿಸ್ಕೋ ಬಿಸಿಯಾಗುತ್ತದೆ. ಇದನ್ನು ಡಿಸ್ಕ್ ಹಿಡಿಯುವ ಕ್ಯಾಲಿಪರಿನ ದೋಷವೆಂದು ತಿಳಿದು ಕ್ಯಾಲಿಪರ್ ಬದಲಿಸಿ, ಮತ್ತೆ ಅದೇ ತೊಂದರೆ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಆದ್ದರಿಂದ ಹೋಸುಗಳು, ವೀಲ್ ಸಿಲಿಂಡರಿನ ಮತ್ತು ಕ್ಯಾಲಿಪರಿನ ಸೀಲುಗಳು, ಮಾಸ್ಟರ್ ಸಿಲಿಂಡರ್ ಎಲ್ಲವನ್ನೂ ಒಟ್ಟಿಗೇ ಹೊಸದು ಮಾಡಿ. ಕಬ್ಬಿಣದ ಪೈಪನ್ನು ಕ್ಲಿಪ್ ಬಿಚ್ಚಿ ನೋಡಿ, ತುಕ್ಕು ಅಡಗುವುದು ಕ್ಲಿಪ್ಪಿನ ಅಡಿಯಲ್ಲಿ.

ಹ್ಯಾಂಡ್ ಬ್ರೇಕ್ ಎಳೆದಿಟ್ಟು ಹೋಗಿದ್ದರೆ ಶೂ ಡ್ರಮ್ಮಿಗೆ ಅಂಟಿರುತ್ತದೆ. ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಸುತ್ತ ಮೆಲ್ಲಗೆ ತಟ್ಟುತ್ತ ಬಿಡಿಸಿ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಬಹಳ. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಕಂಪ್ರೆಸರ್ ಗಾಳಿಯಿಂದ ಊದುವುದು, ಒಣ ಬ್ರಷ್ಷಿನಿಂದ ಕೊಡವುವುದು ಎರಡೂ ಕೂಡದು. ಪೂರ್ತಿ ಒದ್ದೆ ಮಾಡಿ ಒರೆಸಿ ತೆಗೆಯಿರಿ, ಸರಿಯಾದ ಮಾಸ್ಕ್ ಹಾಕಿಕೊಳ್ಳಿ.

ಯಾವ ದ್ರವ ಎಂಬುದರಲ್ಲೂ ಎಚ್ಚರ ಬೇಕು. ಡಾಟ್ 5 ಸಿಲಿಕೋನ್ ಜಾತಿಯದು, ಗ್ಲೈಕಾಲ್ ದ್ರವದ ಜೊತೆ ಬೆರೆಸಬಾರದು. ಸಿಟ್ರೊಯೆನ್‌ನ ಹೈಡ್ರೋನ್ಯೂಮ್ಯಾಟಿಕ್ (ದ್ರವ ಮತ್ತು ಅನಿಲದ ಸಸ್ಪೆನ್ಷನ್ ಇರುವ) ಕಾರುಗಳಲ್ಲಿ ಹಸಿರು ಮಿನರಲ್ ಆಯಿಲ್ ಬಳಸುವಂಥವು ಇವೆ. ಅಂಥದ್ದಕ್ಕೆ ಸಾಮಾನ್ಯ ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳೆಲ್ಲ ಹಾಳು. ಸಾಮಾನ್ಯ ಬ್ರೇಕಿಗೆ ಮಿನರಲ್ ಆಯಿಲ್ ಹಾಕಿದರೂ ಅದೇ ಗತಿ.

ಟೈರು, ವೈರಿಂಗ್

ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಟೈರಿನ ಮೇಲ್ಮೈಯ ಗೀರುಗಳು ಎಷ್ಟೇ ಆಳವಿರಲಿ, ಹತ್ತು ವರ್ಷ ದಾಟಿದ ಟೈರನ್ನು ಕಾರು ತಳ್ಳಲು ಮಾತ್ರ ಬಳಸಿ, ರಸ್ತೆಗೆ ಬೇಡ.

ಬ್ಯಾಟರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ವರ್ಷಗಟ್ಟಲೆ ಖಾಲಿಯಾಗಿ ನಿಂತ ಲೆಡ್ ಬ್ಯಾಟರಿಯ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ, ಅದು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಹೊಸದು ತರುವ ಮೊದಲು ಕಾರು 12 ವೋಲ್ಟಿನದೋ 6 ವೋಲ್ಟಿನದೋ, ಅರ್ತ್ (ಬ್ಯಾಟರಿಯಿಂದ ಬಾಡಿಗೆ ಸೇರುವ ತುದಿ) ನೆಗೆಟಿವ್ವೋ ಪಾಸಿಟಿವ್ವೋ ತಿಳಿದುಕೊಳ್ಳಿ. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಅರ್ತ್ ಪಾಸಿಟಿವ್ ಇರುತ್ತಿತ್ತು.

ವೈರಿಂಗಿನಲ್ಲಿ ಇಲಿ ಕಡಿದದ್ದು ಕಣ್ಣಿಗೆ ಬೀಳುವುದೇ ಕಡಿಮೆ. ನೇರವಾಗಿ ಬ್ಯಾಟರಿ ಜೋಡಿಸಿ ಹೊಗೆ ಬರುತ್ತದೋ ನೋಡೋಣ ಎನ್ನುವ ಬದಲು ಒಂದು ಸುಲಭ ಉಪಾಯವಿದೆ. ಎಲ್ಲ ಸ್ವಿಚ್ ಆಫ್ ಇಟ್ಟು, ಬ್ಯಾಟರಿಗೂ ಅದರ ಕೇಬಲಿಗೂ ನಡುವೆ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬನ್ನು ಸರಣಿಯಲ್ಲಿ ಸೇರಿಸಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪ್ರಕಾಶಮಾನವಾಗಿ ಉರಿಯುತ್ತದೆ, ವೈರು ಸುಡುವುದಿಲ್ಲ. ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತ ಹೋದರೆ ಯಾವುದನ್ನು ಕಿತ್ತಾಗ ಬಲ್ಬ್ ಆರಿತೋ ಆ ಸಾಲಿನಲ್ಲಿ ದೋಷ. ಫ್ಯೂಸ್ ಇಲ್ಲದ ಸಾಲುಗಳೂ ಹಳೆಯ ಕಾರಿನಲ್ಲಿ ಇರುತ್ತವೆ, ಅವನ್ನು ಬೇರೆಯಾಗಿ ಬಿಡಿಸಿ ನೋಡಬೇಕು. ಮಿಕ್ಕಂತೆ ದೀಪ ಮಂಕಾಗುವುದು, ಮೀಟರ್ ಮುಳ್ಳು ಕುಣಿಯುವುದು ಇವಕ್ಕೆಲ್ಲ ಬಹಳ ಸಲ ಕಾರಣ ತುಕ್ಕು ಹಿಡಿದ ಅರ್ತ್ ಜೋಡಣೆ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ.

ಈಗ ಕೀಲಿ

ಕಾರು ಬಯಲಿನಲ್ಲಿರಲಿ. ಮುಚ್ಚಿದ ಶೆಡ್ಡಿನಲ್ಲಿ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ, ಜೊತೆಗೊಬ್ಬರಿರಲಿ. ಚಕ್ರಕ್ಕೆ ಅಡ್ಡ ಇಟ್ಟಿರಲಿ.

ಹೊತ್ತಿಕೊಂಡ ಕೂಡಲೇ ನೋಡಬೇಕಾದದ್ದು ಆಯಿಲ್ ಪ್ರೆಶರ್. ಕೆಲವೇ ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಆಫ್ ಮಾಡಿ. ಮೊದಲಿಗೆ ನೀಲಿ ಹೊಗೆ ದಟ್ಟವಾಗಿ ಬರುತ್ತದೆ, ಗಾಬರಿ ಬೇಡ, ಸಿಲಿಂಡರಿಗೆ ಬಿಟ್ಟ ಆಯಿಲ್ ಸುಡುತ್ತಿದೆ. ಅದು ಕಡಿಮೆಯಾಗುತ್ತ ಹೋಗಬೇಕು. ವೇಗ ಏರಿಸದೆ ಎಂಜಿನ್ ಪೂರ್ತಿ ಬಿಸಿಯಾಗಲು ಬಿಟ್ಟು, ಸುತ್ತಲೂ ಬಗ್ಗಿ ನೋಡಿ, ಮೂಸಿ, ಕಿವಿಗೊಡಿ. ವಾಲ್ವ್ ತಳ್ಳಲು ಆಯಿಲ್ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಆಯಿಲ್ ತುಂಬುವವರೆಗೆ ಟಕಟಕ ಎನ್ನುತ್ತವೆ, ಆಮೇಲೆ ಸುಮ್ಮನಾಗುತ್ತವೆ. ಕೆಳಗಿನಿಂದ ಬರುವ ಭಾರವಾದ ಗುದ್ದು ಬೇರೆ ವಿಷಯ, ಅದು ಬೇರಿಂಗಿನದು, ಕೂಡಲೇ ನಿಲ್ಲಿಸಿ.

ಕ್ಲಚ್ ಒತ್ತಿದರೂ ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ (ಎಂಜಿನ್ನಿನ ಹಿಂತುದಿಯ ಭಾರದ ಚಕ್ರಕ್ಕೆ) ಅಂಟಿರಬಹುದು. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಗೇರಿಗೆ ಹಾಕಿ, ಪೆಡಲ್ ಒತ್ತಿ ಹಿಡಿದು ಕಾರನ್ನು ಹಿಂದೆ ಮುಂದೆ ಅಲುಗಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ.

ಬಣ್ಣ ಬಳಿಯುವ ಮುನ್ನ

ಎಂಜಿನ್ ಸದ್ದು ಕೇಳಿದ ಕೂಡಲೇ ಮುಂದಿನ ಆಸೆ ಪೇಂಟಿಂಗ್. ಇಲ್ಲಿ ಸ್ವಲ್ಪ ತಡೆಯಿರಿ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನದು, ಇದ್ದದ್ದನ್ನು ಕಾಪಾಡುವುದಕ್ಕೂ ಕಳಚಿ ಹೊಸದಾಗಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸುತ್ತದೆ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಬೈಯೋನ್ ಸಂಗ್ರಹದ ಕಾರುಗಳು ಹರಾಜಾದಾಗ, ಪತ್ರಿಕೆಗಳ ರಾಶಿಯಡಿ ದಶಕಗಳ ಕಾಲ ಬಿದ್ದಿದ್ದ ಒಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಧೂಳಿನ ಸಮೇತ 1.6 ಕೋಟಿ ಯೂರೋಗಿಂತ ಹೆಚ್ಚಿಗೆ ಹೋಯಿತು. ಎಲ್ಲ ಕಾರೂ ಫೆರಾರಿಯಲ್ಲ, ನಿಜ. ಆದರೆ ಕಾರ್ಖಾನೆಯಲ್ಲಿ ಬಳಿದ ಬಣ್ಣ, ಮೊದಲ ದಿನ ಹೊಲಿದ ಸೀಟು ಒಮ್ಮೆ ಹೋದರೆ ಯಾವ ಹಣಕ್ಕೂ ಮರಳಿ ಬರುವುದಿಲ್ಲ ಎಂಬುದು ಸಾಮಾನ್ಯ ಕಾರಿಗೂ ಅನ್ವಯಿಸುವ ಮಾತು. ಗಟ್ಟಿಯಿರುವ ಹಳೆ ಬಣ್ಣವನ್ನು ತೊಳೆದು, ಪಾಲಿಶ್ ಮಾಡಿ, ತುಕ್ಕು ಕಂಡಲ್ಲಿ ಮಾತ್ರ ಕೈ ಹಾಕಿ ಎನ್ನುತ್ತೇನೆ. ಬ್ರೇಕ್, ಟೈರ್, ಪೆಟ್ರೋಲ್ ಪೈಪಿನ ವಿಷಯದಲ್ಲಿ ಮಾತ್ರ ಹಳೆಯದರ ಮೋಹ ಬೇಡ.

ಓಡಲು ಶುರುವಾದ ಮೇಲೆ

ಮೊದಲ ಓಡಾಟಗಳು ಮನೆ ಹತ್ತಿರವೇ ಇರಲಿ. ಪ್ರತಿ ಸಲ ಮರಳಿ ಬಂದಾಗ ನಾಲ್ಕೂ ಚಕ್ರದ ಹಬ್ಬಿನ ಬಳಿ ಕೈ ಹಿಡಿದು ನೋಡಿ. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಕೆಟ್ಟಿದೆ. ಕೆಳಗೆ ರಟ್ಟು ಹಾಸಿ ಯಾವ ದ್ರವ ಎಲ್ಲಿ ತೊಟ್ಟಿಕ್ಕುತ್ತದೆ ಗುರುತಿಸಿ. ಒಣಗಿ ಕುಗ್ಗಿದ ಆಯಿಲ್ ಸೀಲುಗಳಲ್ಲಿ ಕೆಲವು ಆಯಿಲ್ ಕುಡಿದು ಮತ್ತೆ ಸರಿಹೋಗುತ್ತವೆ, ಹಾಗಾಗಿ ಸಣ್ಣ ಜಿನುಗಿಗೆ ಎಂಜಿನ್ ಇಳಿಸುವ ಅವಸರ ಬೇಡ. ಮೊದಲ ಕೆಲವು ನೂರು ಕಿಲೋಮೀಟರಿನಲ್ಲೇ ಆಯಿಲನ್ನೂ ಪೆಟ್ರೋಲ್ ಫಿಲ್ಟರನ್ನೂ ಇನ್ನೊಮ್ಮೆ ಬದಲಿಸಿ, ಒಳಗಿನ ಹಳೆಯ ಕೊಳೆಯೆಲ್ಲ ಅಷ್ಟರಲ್ಲಿ ಕಳಚಿ ಬಂದಿರುತ್ತದೆ.

ಕಾರು ಮತ್ತೆ ನಿಲ್ಲಬೇಕಾಗಿ ಬಂದರೆ ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ, ಉಸಿರಾಡುವ ಬಟ್ಟೆಯ ಹೊದಿಕೆ ಹಾಕಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಜೋಡಿಸಿ. ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಆಫ್ ಮಾಡುವ ಅಭ್ಯಾಸ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯದಿದ್ದರೆ ಅದರಲ್ಲಿ ಒಂದು ಪಾಲು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿದುಬಿಡುತ್ತದೆ. ಚಾಲೂ ಮಾಡುವುದಾದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ ತನ್ನಿ, ಅದಕ್ಕೆ ಬಿಡುವಿಲ್ಲದಿದ್ದರೆ ಆ ವಾರ ಮುಟ್ಟದೇ ಇರುವುದೇ ಲೇಸು.